ನೋಟಿನೊಳಗಿನ ಚಿಪ್ಪು

2016ರ ನವೆಂಬರ್ 8ರ ರಾತ್ರಿ 500, 1000 ರೂಪಾಯಿ ನೋಟುಗಳು ತೀರಿಕೊಂಡವು. ಅವುಗಳ ತಿಥಿ ಮುಗಿಯುವ ಮೊದಲೇ ಹೊಸ 2000 ರೂಪಾಯಿ ನೋಟಿಗೆ ಟೀವಿಯಲ್ಲಿ ಜೀವ ಬಂದಿತ್ತು. ಅದರೊಳಗೆ ನ್ಯಾನೋ ಜಿಪಿಎಸ್ ಚಿಪ್ ಇದೆಯಂತೆ. 120 ಮೀಟರ್ ಆಳದಲ್ಲಿ ಹೂತಿಟ್ಟರೂ ಉಪಗ್ರಹಕ್ಕೆ ಗೊತ್ತಾಗುತ್ತದಂತೆ. ಹಿಂದಿ ಚಾನೆಲ್‌ನವರು ಹೇಳಿದರು, ಕನ್ನಡದವರೂ ಬಿಡಲಿಲ್ಲ.

120 ಮೀಟರ್ ಅಂದರೆ ಹತ್ತಿರ ಹತ್ತಿರ 400 ಅಡಿ. ಕೋಲಾರದ ಕಡೆ ಸಾವಿರ ಅಡಿ ಕೊರೆಸಿದರೂ ನೀರು ಕಾಣದ ರೈತರು, ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಪಾಯಿಂಟ್ ಹುಡುಕುವವರಿಗೆ ಸುಮ್ನೆ ದುಡ್ಡು ಸುರಿದರು. ಸ್ಟುಡಿಯೋದಿಂದ ಒಬ್ಬ ಆ್ಯಂಕರ್‌ನ ಕರೆಸಿದ್ದರೆ ಸಾಕಿತ್ತು. ಕೊನೆಗೆ ಕೈಗೆ ಬರುವುದು ಎರಡರಲ್ಲೂ ಚಿಪ್ಪೇ ಅಲ್ವಾ?

ಜಿಪಿಎಸ್ ಚಿಪ್ ಮಾಡುವುದು ಒಂದೇ ಕೆಲಸ. ಉಪಗ್ರಹ ಹೇಳಿದ್ದನ್ನು ಕೇಳಿಸಿಕೊಳ್ಳುತ್ತದೆ, ತಿರುಗಿ ಮಾತಾಡುವುದಿಲ್ಲ. (ರಾತ್ರಿ ಒಂಬತ್ತರ ಚರ್ಚೆಗೆ ಕೂರುವವರಲ್ಲಿ ಈ ಗುಣ ನಾನು ಕಂಡಿಲ್ಲ.) ಮೆಜೆಸ್ಟಿಕ್ ಮೆಟ್ರೋ ಸ್ಟೇಷನ್‌ಗೆ ಇಳಿದರೇ ಫೋನಿನ ನೀಲಿ ಚುಕ್ಕೆ ತಬ್ಬಿಬ್ಬಾಗುತ್ತದೆ. ಇನ್ನು ಬ್ಯಾಟರಿಯಿಲ್ಲದ, 4 ರೂಪಾಯಿ ಆಸುಪಾಸಿನಲ್ಲಿ ಅಚ್ಚಾಗುತ್ತಿದ್ದ ಕಾಗದ ಪಾತಾಳದಿಂದ ಕೂಗಬೇಕಂತೆ. ಒಬ್ಬ ಪಿಯುಸಿ ಮೇಷ್ಟ್ರಿಗೆ ಫೋನ್ ಮಾಡಿದ್ದರೆ ಗೊತ್ತಾಗುತ್ತಿತ್ತು. ಆದರೆ ಮೇಷ್ಟ್ರು 'ಹಾಗೇನಿಲ್ಲಪ್ಪ' ಅಂದುಬಿಟ್ಟರೆ? ಅರ್ಧ ಗಂಟೆ ಏನು ತೋರಿಸೋದು, ಮೇಷ್ಟ್ರನ್ನಾ?

ಅಂಥ ಚಿಪ್ ಇಲ್ಲ ಅಂತ ರಿಸರ್ವ್ ಬ್ಯಾಂಕೇ ಹೇಳಿತು. ಚಿಪ್ ಇದೆ ಅಂದಷ್ಟೇ ಗಟ್ಟಿಯಾಗಿ, ಅಷ್ಟೇ ಹೊತ್ತು, ಅದೇ ಮ್ಯೂಸಿಕ್ ಹಾಕಿ 'ತಪ್ಪಾಯ್ತು' ಅಂದವರು ಯಾರೂ ನನಗೆ ನೆನಪಿಲ್ಲ. ನನ್ನ ಜ್ಞಾಪಕಶಕ್ತಿಯೇ ಸರಿಯಿಲ್ಲ, ಬಿಡಿ.

ಹಾಗಂತ ಕೇಳುವವರೇ ಇಲ್ಲ ಅನ್ನಬೇಡಿ. 1966ರಲ್ಲಿ ಶುರುವಾದ ಪ್ರೆಸ್ ಕೌನ್ಸಿಲ್ ಇದೆ. ಅದು ಪತ್ರಿಕೆಗಳನ್ನು ಗದರಿಸುತ್ತದೆ, ದಂಡ ಹಾಕುವಂತಿಲ್ಲ. ಟೀವಿ ಅದರ ಲೆಕ್ಕಕ್ಕೇ ಬರುವುದಿಲ್ಲ. ಟೀವಿಯವರಿಗೆ ಟೀವಿಯವರೇ ಕಟ್ಟಿಕೊಂಡ ವ್ಯವಸ್ಥೆ ಇದೆ. ಅದು ಜಾಸ್ತಿ ಅಂದರೆ 1 ಲಕ್ಷ ದಂಡ ಹಾಕಬಹುದಿತ್ತು. 'ಇದು ಸಾಕಾ?' ಅಂತ 2023ರಲ್ಲಿ ಸುಪ್ರೀಂ ಕೋರ್ಟೇ ಕೇಳಿತು. 1 ಲಕ್ಷ ಅಂದರೆ 2000ದ ಐವತ್ತು ನೋಟು. ಶರ್ಟಿನ ಜೇಬಿನಲ್ಲಿ ಹಿಡಿಯುತ್ತದೆ.

ಆ ನೋಟನ್ನೂ 2023ರ ಮೇ ತಿಂಗಳಲ್ಲಿ ವಾಪಸ್ ತರಿಸಿಕೊಳ್ಳುವ ತೀರ್ಮಾನವಾಯಿತು. ಆಗ ಚಲಾವಣೆಯಲ್ಲಿದ್ದದ್ದು 3.56 ಲಕ್ಷ ಕೋಟಿ. ಎರಡು ವರ್ಷ ಕಳೆದರೂ ಸುಮಾರು 6 ಸಾವಿರ ಕೋಟಿ ಬಂದೇ ಇರಲಿಲ್ಲ. ಪಾಪ, ರಿಸರ್ವ್ ಬ್ಯಾಂಕ್ ಎಣಿಸಿ ಎಣಿಸಿ ಪ್ರಕಟಣೆ ಕೊಡುತ್ತಿತ್ತು. ಉಪಗ್ರಹ ಏನು ಮಾಡುತ್ತಿತ್ತೋ.

ಅದರಲ್ಲಿ ಒಂದು ನೋಟು ನಮ್ಮ ದೊಡ್ಡಮ್ಮನದು. ಅವತ್ತು ಟೀವಿ ನೋಡಿದವರೇ ಸಾಸಿವೆ ಡಬ್ಬಿಯಲ್ಲಿದ್ದ ನೋಟನ್ನು ಚಾಕಲೇಟಿನ ಬೆಳ್ಳಿ ಕಾಗದದಲ್ಲಿ ಸುತ್ತಿ, ಸಿಗ್ನಲ್ ಹೋಗದ ಹಾಗೆ ಎಲ್ಲೋ ಬಚ್ಚಿಟ್ಟರು. ಎಲ್ಲಿ ಅಂತ ಈಗ ಅವರಿಗೂ ನೆನಪಿಲ್ಲ. ಅಕ್ಕಿ ಡ್ರಮ್ಮು, ದೇವರ ಮನೆ, ಹಾಸಿಗೆ ಎಲ್ಲ ಜಾಲಾಡಿದ್ದಾಯಿತು. ಮೊನ್ನೆ ನನ್ನನ್ನು ಕರೆದು, "ಲೋ, ಆ ಚಾನೆಲ್‌ನವರಿಗೊಂದು ಫೋನ್ ಮಾಡೋ, ಎಲ್ಲಿದೆ ಅಂತ ನೋಡಿ ಹೇಳ್ಲಿ" ಅಂದರು.