ಒಣಗಿದ ತುದಿಗೆ ನೀರೊಂದೇ ಮದ್ದಲ್ಲ

ಮನೆಯಲ್ಲಿ ಅಲಂಕಾರಕ್ಕೆ ಕುಂಡದಲ್ಲಿ ಬೆಳೆಸುವ ಅರೆಕಾ ಪಾಮ್‌ನ ಎಲೆತುದಿ ಕಂದಿದರೆ ದಿನವೂ ನೀರು ಹಾಕಿ ಎಂಬ ಲೇಖನದ ಸಲಹೆಯನ್ನು ದಯವಿಟ್ಟು ತಿದ್ದಬೇಕು. ಎಷ್ಟೋ ಮನೆಗಳಲ್ಲಿ ಈ ಗಿಡ ನೀರು ಹೆಚ್ಚಾಗಿ ಬೇರು ಕೊಳೆತೇ ಸಾಯುತ್ತದೆ, ನೋಡಿದರೆ ಸಂಕಟವಾಗುತ್ತದೆ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗಿಳಿಸಿ ನೋಡಿ, ತೇವ ಹತ್ತಿದರೆ ಅಂದು ನೀರು ಬೇಡ. ಬೋರ್‌ವೆಲ್ ನೀರಿನ ಲವಣದಿಂದಲೂ ತುದಿ ಸುಡುತ್ತದೆ. ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿದ್ದರೆ ಅದೇ ಕುರುಹು. ಆಗ ಮಳೆನೀರು ಹಿಡಿದು ಧಾರಾಳವಾಗಿ ಸುರಿದು, ಕುಂಡದ ತೂತಿನಿಂದ ಪೂರ್ತಿ ಹರಿದುಹೋಗಲು ಬಿಡಿ.

ಇನ್ನೊಂದು ಮಾತು: ಹಳದಿಯಾದ ಹಳೆಯ ಗರಿಯನ್ನು ಅವಸರದಲ್ಲಿ ಕತ್ತರಿಸಬೇಡಿ. ಗಿಡ ಅದರಲ್ಲಿರುವ ಪೊಟ್ಯಾಸಿಯಂ ಅನ್ನು ಹೊಸ ಗರಿಗಳಿಗೆ ಸಾಗಿಸುತ್ತಿರುತ್ತದೆ. ಪೂರ್ತಿ ಒಣಗಿದ ಮೇಲೆ ತೆಗೆಯಿರಿ. ಸುಳಿಯನ್ನಂತೂ ಮುಟ್ಟಲೇಬೇಡಿ, ಸುಳಿ ಹೋದರೆ ಆ ಕಾಂಡ ಮತ್ತೆ ಚಿಗುರುವುದಿಲ್ಲ.