ಕಾಯಿಗಾಗಿ ಕಾಯಬೇಕಿಲ್ಲ
ಲಂಡನ್ನಿನ ಉದ್ಯಾನಗಳ ಅಕ್ರೋಟು ಮರಗಳನ್ನು ಕಾಯಿ ಬಿಟ್ಟಾಗ ಮಾತ್ರ ಗುರುತಿಸಬಹುದು ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ, ಇದನ್ನು ಒಪ್ಪಲಾರೆ. ಎಲೆಯೇ ಸಾಕು. ಸಾಮಾನ್ಯ ಅಕ್ರೋಟಿನ ಎಲೆಯಲ್ಲಿ 5ರಿಂದ 9 ಕಿರುಎಲೆಗಳು, ನುಣುಪಾದ ಅಂಚು, ತುದಿಯದೇ ಎಲ್ಲಕ್ಕಿಂತ ದೊಡ್ಡದು. ಅಮೆರಿಕ ಮೂಲದ ಕಪ್ಪು ಅಕ್ರೋಟಿನಲ್ಲಿ ಸಾಮಾನ್ಯವಾಗಿ 15ಕ್ಕೂ ಹೆಚ್ಚು ಕಿರುಎಲೆಗಳಿದ್ದು, ಅಂಚು ಸಣ್ಣ ಹಲ್ಲುಗಳಿಂದ ಕೂಡಿರುತ್ತದೆ. ತುದಿಯದು ಎಷ್ಟೋ ಸಲ ಇರುವುದೇ ಇಲ್ಲ. ಎಲೆಯನ್ನು ಹಿಸುಕಿದರೆ ಹೊಮ್ಮುವ ಘಾಟನ್ನು ಲೇಖನ ಮರೆತಿರುವುದು ಆಶ್ಚರ್ಯ! ಚಳಿಗಾಲದಲ್ಲಿ ಎಲೆ ಉದುರಿದ ಮೇಲೂ ದಾರಿಯುಂಟು: ಕೆಳಗೆ ಬಿದ್ದ ಎಳೆಯ ರೆಂಬೆಯನ್ನು (ಮರದಿಂದ ಮುರಿಯಬೇಡಿ, ದಯವಿಟ್ಟು) ಉದ್ದಕ್ಕೆ ಸೀಳಿದರೆ ಒಳಗಿನ ತಿರುಳು ಏಣಿಯ ಮೆಟ್ಟಿಲುಗಳಂತೆ ಕೋಣೆಕೋಣೆಯಾಗಿ ಕಾಣುತ್ತದೆ. ಅದೇ ಉದ್ಯಾನಗಳಲ್ಲಿರುವ, ಅಕ್ರೋಟಿನಂತೆಯೇ ಕಿರುಎಲೆಗಳುಳ್ಳ ಆಶ್ ಮರದ ರೆಂಬೆಯಲ್ಲಿ ಇದು ಸಿಗದು. ಇನ್ನು ಅಕ್ರೋಟು ಕಾಯಿಯ ಹಸಿರು ಸಿಪ್ಪೆ ಸುಲಿಯುವವರು ಕೈಗವಸು ಹಾಕಿಕೊಳ್ಳಲಿ. ಬೆರಳಿಗೆ ಹತ್ತಿದ ಕಂದು ಕಲೆ ಸಾಬೂನಿಗೆ ಜಗ್ಗುವುದಿಲ್ಲ.