ಮಾರಿಕಣಿವೆ ಫೋಟೋದಲ್ಲಿದ್ದ ಕಾರು

ಹಳೇ ಫೋಟೋ ‘ಕ್ಲೀನ್’ ಮಾಡಿಸೋದು ಅಂದರೆ ಈಗ ನನಗೆ ಮೈ ಉರಿಯುತ್ತೆ. ಮಾಡಿಸಿದವನು ನಾನೇ, ಅದಕ್ಕೇ ಜಾಸ್ತಿ.

ಚಿತ್ರದುರ್ಗದ ಮನೆಯಲ್ಲಿ ಅಪ್ಪನ ಟ್ರಂಕು ತೆಗೆದಾಗ ಒಂದು ಫೋಟೋ ಸಿಕ್ಕಿತು. ಹಿಂದುಗಡೆ ನೀಲಿ ಇಂಕಿನಲ್ಲಿ ‘ಮಾರಿಕಣಿವೆ, ಮೇ 1985’. ಅಪ್ಪ, ದಾವಣಗೆರೆಯ ಅವರ ಸ್ನೇಹಿತರು, ಪಕ್ಕದಲ್ಲಿ ಸ್ನೇಹಿತರ ಪುಟ್ಟ ಕಾರು. ಫ್ರೇಮ್ ಹಾಕಿಸೋಣ ಅಂತ ಒಂದು ಸ್ಟುಡಿಯೋಗೆ ಕೊಟ್ಟೆ. ವಾಪಸ್ ಬಂದಾಗ ಅಪ್ಪನ ಮುಖ ಫಳಫಳ, ಕಾರು ಮಾಯ! ‘ಅಡ್ಡ ಇತ್ತು ಸರ್, ತೆಗೆದು ನೀರು ಹಾಕಿದೀನಿ’ ಅಂದ. ನೀರಂತೆ! ಮಾರಿಕಣಿವೆ ಅಣೆಕಟ್ಟು, ಅಂದರೆ ವಾಣಿವಿಲಾಸ ಸಾಗರ, 1933ರಲ್ಲಿ ಕೋಡಿ ಬಿದ್ದಿದ್ದು, ಮತ್ತೆ ಬಿದ್ದಿದ್ದು 2022ರಲ್ಲಿ. 85ರ ಬೇಸಿಗೆಯಲ್ಲಿ ಅಪ್ಪನ ಸೊಂಟದ ಮಟ್ಟಕ್ಕೆ ನೀರು ಎಲ್ಲಿಂದ ಬರಬೇಕು?

ಪುಣ್ಯಕ್ಕೆ ಮೂಲ ಫೋಟೋ ಉಳಿದಿತ್ತು. ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಎಲ್ಲರೂ ‘ಮಾರುತಿ 800’ ಅಂದರು. ಅಲ್ಲವೇ ಅಲ್ಲ. ಮಾರುತಿಗೆ ಒಂದೊಂದು ಪಕ್ಕಕ್ಕೆ ಎರಡೆರಡು ಬಾಗಿಲು. ಇದಕ್ಕೆ ಒಂದೇ ಬಾಗಿಲು, ಉದ್ದನೆಯದು. ಅದು ಪೂರ್ತಿ ತೆರೆದಿದೆ. ಮುಂದಿನ ಸೀಟು ಮುಂದಕ್ಕೆ ಬಗ್ಗಿದೆ. ಹಿಂದಿನ ಸೀಟಿನಿಂದ ಒಂದು ಕಾಲು ಆಚೆ ಬಂದಿದೆ, ಬೆರಳಲ್ಲಿ ಕಾಲುಂಗುರ.

ಇದು ಡಾಲ್ಫಿನ್. ಬೆಂಗಳೂರಿನ ಸಿಪಾನಿ ಕಂಪನಿಯ ಕಾರು. ನಮ್ಮ ರಾಜ್ಯದಲ್ಲೇ ತಯಾರಾದದ್ದು ಅಂದರೆ ಇವತ್ತಿನ ಹುಡುಗರು ನಂಬೋದಿಲ್ಲ. ಮೂಲ ಇಂಗ್ಲೆಂಡಿನ ರಿಲಯಂಟ್ ಕಿಟನ್. 848 ಸಿಸಿಯ ಅಲ್ಯೂಮಿನಿಯಂ ಎಂಜಿನ್, ಮೈಯೆಲ್ಲಾ ಫೈಬರ್. ಮೈಗೆ ತುಕ್ಕು ಹಿಡಿಯುವ ಮಾತೇ ಇಲ್ಲ. ಹಗುರವಾಗಿದ್ದರಿಂದ ರ‍್ಯಾಲಿಗಳಲ್ಲೂ ಓಡಿತು. ಆದರೆ ನಮ್ಮೂರ ಸಂಸಾರಕ್ಕೆ ಬೇಕಾಗಿದ್ದು ರ‍್ಯಾಲಿ ಅಲ್ವಲ್ಲ. ಸೀರೆ ಉಟ್ಟ ಅಜ್ಜಿ, ಬುತ್ತಿ ಗಂಟು, ಎರಡು ಮಕ್ಕಳು, ಎಲ್ಲಾ ಆ ಸೀಟು ಬಗ್ಗಿಸಿಯೇ ಹಿಂದೆ ತೂರಬೇಕು. 1983ರ ಡಿಸೆಂಬರಿನಲ್ಲಿ ಮಾರುತಿ ಬಂತು. ಅಲ್ಲಿಗೆ ಮುಗೀತು. ಸಿಪಾನಿಯವರು ನಾಲ್ಕು ಬಾಗಿಲಿನ ಮೊಂಟಾನಾ ತಂದರೂ ಜನ ಆಗಲೇ ಆ ಕಡೆ ಹೋಗಿಯಾಗಿತ್ತು. ಕಾರು ಕೆಟ್ಟದ್ದು ಅಂತ ನಾನು ಹೇಳಲ್ಲ. ಬಾಗಿಲು ಸಾಲಲಿಲ್ಲ, ಅಷ್ಟೇ.

ಇದೆಲ್ಲಾ ನನಗೆ ಹೊಳೆದದ್ದು ಆ ‘ಅಡ್ಡ ಇದ್ದ’ ಕಾರಿನಿಂದ. ಅಪ್ಪನ ಮುಖ ಬೇರೆ ಇಪ್ಪತ್ತು ಫೋಟೋದಲ್ಲಿದೆ. ಡಾಲ್ಫಿನ್ ಇರೋದು ಇದೊಂದರಲ್ಲೇ. ದಯವಿಟ್ಟು ಸ್ಕ್ಯಾನ್ ಮಾಡಿಸುವಾಗ ಅಂಚು ಕತ್ತರಿಸಬೇಡಿ, ಹಿಂದೆ ನಿಂತ ಬಸ್ಸು, ಅಂಗಡಿ ಬೋರ್ಡು ಅಳಿಸಬೇಡಿ. ಕಲೆ ಇದ್ದರೆ ಇರಲಿ ಬಿಡಿ.

ಸ್ಟುಡಿಯೋದವನ ಫೋಟೋವನ್ನು ಅಮ್ಮನಿಗೂ ತೋರಿಸಿದೆ. ಕನ್ನಡಕ ಏರಿಸಿಕೊಂಡು ತುಂಬಾ ಹೊತ್ತು ನೋಡಿದರು.

‘ಕಾರು ಹೋದ್ರೆ ಹೋಗ್ಲಿ ಕಣೋ, ನನ್ ಕಾಲೂ ತೆಗೆದುಬಿಟ್ಟಿದಾನಲ್ಲ!’